ತೆಂಪುರಾ ಬಾರ್‌ನಲ್ಲಿ ತಿನ್ನುವುದು ಹೇಗೆ: ಬಾಗಿಲಿನಿಂದ ಬಿಲ್ಲಿನವರೆಗೆ

ಮಳೆಗಾಲದ ಸಂಜೆ ಮನೆಯಲ್ಲಿ ಬಜ್ಜಿ ಮಾಡುವಾಗ ಎಲ್ಲಕ್ಕಿಂತ ರುಚಿಯಾದ ಬಜ್ಜಿ ಯಾರಿಗೆ ಸಿಗುತ್ತದೆ? ಹಾಲ್‌ನಲ್ಲಿ ತಟ್ಟೆ ಹಿಡಿದು ಕೂತವರಿಗಲ್ಲ. ಅಡುಗೆಮನೆಯಲ್ಲಿ ಬಾಣಲೆ ಪಕ್ಕ ನಿಂತು, ಆಗಷ್ಟೇ ಇಳಿದದ್ದನ್ನು ಊದಿ ಊದಿ ತಿನ್ನುವ ಮಗುವಿಗೆ. ಹಾಲ್‌ಗೆ ಬರುವಷ್ಟರಲ್ಲಿ ಅದೇ ಬಜ್ಜಿ ಮೆತ್ತಗಾಗಿರುತ್ತದೆ.

ಬಂದವರಿಗೆಲ್ಲ ಆ ಬಾಣಲೆ ಪಕ್ಕದ ಜಾಗ ಕೊಡುವ ಅಂಗಡಿಯೇ ಜಪಾನಿನ ತೆಂಪುರಾ ಬಾರ್. ಮೀನು, ಸಿಗಡಿ, ತರಕಾರಿಯನ್ನು ತೆಳು ಹಿಟ್ಟಿನಲ್ಲಿ ಅದ್ದಿ ಕರಿದದ್ದೇ ತೆಂಪುರಾ. ಎಲ್ಲಿ ಕೂರಬೇಕು, ಒಂದು ಸಲಕ್ಕೆ ಎಷ್ಟು ಹೇಳಬೇಕು, ಫೋಟೊ ಯಾವಾಗ ತೆಗೆಯಬೇಕು ಎಂಬ ಎಲ್ಲ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ.

ಬೆಂಗಳೂರಿನಿಂದ ಟೋಕಿಯೊಗೆ ಈಗ ನೇರ ವಿಮಾನವಿದೆ. ಕೆಲಸಕ್ಕೆ, ತರಬೇತಿಗೆ, ಸುಮ್ನೆ ತಿರುಗಾಡಲು ಅಂತ ನಮ್ಮವರು ಬೇಕಾದಷ್ಟು ಜನ ಹೋಗುತ್ತಾರೆ. ಹೋದವರು ಸುಶಿ ಹುಡುಕುತ್ತಾರೆ, ರಾಮೆನ್ ಹುಡುಕುತ್ತಾರೆ. ತೆಂಪುರಾ ವಿಷಯ ಬಂದರೆ "ಅಲ್ಲಿನ ಬಜ್ಜಿ ತಾನೇ" ಅಂತ ಬಿಟ್ಟುಬಿಡುತ್ತಾರೆ. ಇಲ್ಲವೇ ಟೋಕಿಯೊದ ದುಬಾರಿ ಪೇಟೆ ಗಿಂಜಾದ ದೊಡ್ಡ ಹೋಟೆಲಿನ ಬೆಲೆ ನೋಡಿ ಹಿಂದೆ ಸರಿಯುತ್ತಾರೆ. ಇವೆರಡರ ನಡುವೆ ಮಾಮೂಲಿ ಜನ ದಿನಾ ತಿನ್ನುವ ಒಂದು ತೆಂಪುರಾ ಇದೆ. ಈ ಬರಹ ಅದರದು.

ಮೊದಲು ಸ್ವಲ್ಪ ಹಿನ್ನೆಲೆ

ತೆಂಪುರಾ ಬೆಳೆದದ್ದೇ ಬೀದಿಬದಿಯ ತಿಂಡಿಯಾಗಿ. ಹಿಟ್ಟಿನಲ್ಲಿ ಅದ್ದಿ ಕರಿಯುವ ಪದ್ಧತಿಯನ್ನು ಜಪಾನಿಗೆ ತಂದವರು 16ನೇ ಶತಮಾನದಲ್ಲಿ ನಾಗಸಾಕಿ ಕಡೆಗೆ ಬಂದ ಪೋರ್ಚುಗೀಸರು. ಕ್ರೈಸ್ತರು ಮಾಂಸ ಬಿಡುವ ವ್ರತದ ದಿನಗಳಿಗೆ ಇದ್ದ 'ತೆಂಪೊರಾ' ಎಂಬ ಮಾತಿನಿಂದ ಈ ಹೆಸರು ಬಂತು ಅಂತ ಹಲವರು ಹೇಳುತ್ತಾರೆ. ಅಡುಗೆಗೆ ರುಚಿ ಕಟ್ಟುವುದಕ್ಕೆ ಪೋರ್ಚುಗೀಸರು ಬಳಸುವ ಪದದಿಂದ ಬಂತು ಅನ್ನುವವರೂ ಇದ್ದಾರೆ. ಹುರುಳಿಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಕರಿದ ತಿಂಡಿ ಪೋರ್ಚುಗಲ್‌ನಲ್ಲಿ ಇವತ್ತಿಗೂ ಇದೆ.

ಇಲ್ಲಿ ನಮಗೂ ಒಂದು ನಂಟಿದೆ. ಇದೇ ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು. ಜಪಾನಿನ ಕಡೆ ಹೋಗುವ ಅವರ ಹಡಗುಗಳಿಗೆ ಗೋವಾ ದೊಡ್ಡ ನೆಲೆಯಾಗಿತ್ತು. 1549ರಲ್ಲಿ ಕಾಗೊಶಿಮಾದಲ್ಲಿ ಇಳಿದ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರ್ ಕೂಡ ಗೋವಾದಲ್ಲಿ ಕೆಲಸ ಮಾಡಿದವರೇ. ನಮ್ಮ ಕಡೆಗೆ ಮೆಣಸಿನಕಾಯಿ ಬಂದದ್ದೂ ಇದೇ ಜನರ ಕೈಯಿಂದ. ಹಾಗಾಗಿ ಮೆಣಸಿನಕಾಯಿ ಬಜ್ಜಿ, ತೆಂಪುರಾ ಎರಡರ ಹಿಂದೆಯೂ ಪೋರ್ಚುಗೀಸ್ ಹಡಗು ಇದೆ. ಬಜ್ಜಿಯಿಂದಲೇ ತೆಂಪುರಾ ಬಂತು ಅಂತ ಮಾತ್ರ ಯಾರಿಗೂ ಹೇಳಬೇಡಿ. ಅದಕ್ಕೆ ಆಧಾರವಿಲ್ಲ.

ಮುಂದೆ ಎಡೊದಲ್ಲಿ, ಅಂದರೆ ಇವತ್ತಿನ ಟೋಕಿಯೊದಲ್ಲಿ, ಇದು ತಳ್ಳುಗಾಡಿ ತಿಂಡಿಯಾಯಿತು. ಮರದ ಮನೆಗಳ ಊರಲ್ಲಿ ಒಳಗೆ ಎಣ್ಣೆ ಕಾಯಿಸಿದರೆ ಬೆಂಕಿ ಬೀಳುವ ಭಯ. ಆದ್ದರಿಂದ ಕರಿಯುವ ಕೆಲಸ ಬೀದಿಗೆ ಬಂತು. ಸಮುದ್ರದಿಂದ ಆಗಷ್ಟೇ ತಂದ ಮೀನನ್ನು ಕಡ್ಡಿಗೆ ಚುಚ್ಚಿ ಕರಿದು ಕೊಡುತ್ತಿದ್ದರು. ಜನ ನಿಂತುಕೊಂಡೇ, ಗಾಡಿಯ ಮೇಲಿನ ಸಾರಿನಲ್ಲಿ ಅದ್ದಿ ತಿನ್ನುತ್ತಿದ್ದರು. ಬಿಳಿ ಬಟ್ಟೆ ಹಾಸಿದ ಮೇಜು ಬಂದದ್ದು ಆಮೇಲೆ. ನೀವು ಹೋಗಲಿರುವ ಬಾರ್ ಆ ತಳ್ಳುಗಾಡಿಯ ಮೊಮ್ಮಗ. ಹಾಗಾಗಿ ಬಟ್ಟೆ, ಭಾಷೆ, ರೀತಿ ಅಂತ ಸಂಕೋಚ ಪಡಬೇಕಿಲ್ಲ.

ಹೆಜ್ಜೆ 1: ಎಂಥ ಅಂಗಡಿ ಅಂತ ಗುರುತು ಹಿಡಿಯಿರಿ

ಅಗ್ಗದ ತೆಂಪುರಾ ಸಿಗುವ ಅಂಗಡಿಗಳಲ್ಲಿ ಮೂರು ಬಗೆ ಇವೆ. ಒಂದೊಂದರಲ್ಲೂ ಆರ್ಡರ್ ಮಾಡುವ ರೀತಿ ಬೇರೆ. ಹಾಗಾಗಿ ಬಾಗಿಲಲ್ಲೇ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲನೆಯದು ಫುಕುಓಕಾ ರೀತಿಯ ಊಟದ ಕೌಂಟರ್. ನನಗೆ ತುಂಬಾ ಇಷ್ಟವಾದದ್ದು ಇದೇ. ಜಪಾನಿನ ದಕ್ಷಿಣದ ಕ್ಯೂಶೂ ದ್ವೀಪದ ಫುಕುಓಕಾ ಊರಲ್ಲಿ ತೆಂಪುರಾ ಅಂದರೆ ದುಡಿಯುವ ಜನರ ಮಧ್ಯಾಹ್ನದ ಊಟ. ಮಿಷನ್‌ನಲ್ಲಿ ಟಿಕೆಟ್ ತಗೊಂಡು ಉದ್ದನೆಯ ಕೌಂಟರ್‌ನಲ್ಲಿ ಕೂರುತ್ತೀರಿ. ಮೊದಲು ಅನ್ನ, ಹುದುಗಿಸಿದ ಸೋಯಾದ ಮಿಸೊ ಸೂಪು ಬರುತ್ತದೆ. ಮುಂದೆ ಒಂದು ಖಾಲಿ ತಟ್ಟೆ ಇರುತ್ತದೆ. ಕರಿದದ್ದು ಕರಿದ ಹಾಗೆ ಒಂದೊಂದಾಗಿ ಅದಕ್ಕೆ ಬಂದು ಬೀಳುತ್ತದೆ. ಒಂದು ಮುಗಿಸುವಷ್ಟರಲ್ಲಿ ಇನ್ನೊಂದು. ಬಾಳೆಎಲೆ ಮುಂದೆ ಕೂತಾಗ ಬಡಿಸುವವರು ಮತ್ತೆ ಮತ್ತೆ ಬಂದು ಹಾಕುತ್ತಾರಲ್ಲ, ಹಾಗೆ. ಈ ಬಗೆಯಲ್ಲಿ 'ಹಿರಾಓ' ಎಂಬ ಅಂಗಡಿಗೆ ದೊಡ್ಡ ಹೆಸರಿದೆ. ಬೊಂಡಾಸ್ (ಸ್ಕ್ವಿಡ್) ಮೀನನ್ನು ಉಪ್ಪಿನಲ್ಲಿ ಕಳಿಯಿಸಿ ಯುಜು ಎಂಬ ನಿಂಬೆಜಾತಿಯ ಹಣ್ಣಿನ ಪರಿಮಳ ಸೇರಿಸಿದ ಶಿಯೊಕಾರಾ ಅಲ್ಲಿ ಅನ್ನದ ಜತೆ ಸಿಗುತ್ತದೆ. ಒಣಮೀನು, ಸಿಗಡಿ ಚಟ್ನಿ ತಿಂದು ಬೆಳೆದ ಕರಾವಳಿಯವರಿಗೆ ಅದು ಒಂದೇ ತುತ್ತಿಗೆ ಹಿಡಿಸಬಹುದು. ಉಳಿದವರು ಚೂರು ನೆಕ್ಕಿ ನೋಡಿ.

ಎರಡನೆಯದು ಸಂಜೆಯ ತೆಂಪುರಾ ಬಾರ್. ಇಲ್ಲಿ ಒಂದೊಂದೇ ತುಂಡು ಹೇಳಿ, ಜತೆಗೆ ಬಿಯರೋ, ಅಕ್ಕಿಯ ಮದ್ಯ ಸಾಕೆಯೋ ಕುಡಿಯುತ್ತಾರೆ. ನಿಂತೇ ಕುಡಿಯುವ ಅಂಗಡಿಗಳೂ ಇವೆ. ಅವಕ್ಕೆ 'ತಾಚಿನೊಮಿ' ಅಂತ ಹೆಸರು. ಒಂದು ತುಂಡಿಗೆ ಸಾಮಾನ್ಯವಾಗಿ 100ರಿಂದ 400 ಯೆನ್. ಈಚಿನ ದರದಲ್ಲಿ 100 ಯೆನ್ ಅಂದರೆ ಹೆಚ್ಚುಕಡಿಮೆ 55–60 ರೂಪಾಯಿ.

ಮೂರನೆಯದು ತೆನ್‌ಡೊನ್ ಅಂಗಡಿ. ಬಟ್ಟಲು ಅನ್ನದ ಮೇಲೆ ತೆಂಪುರಾ ಇಟ್ಟು, ಸಿಹಿ–ಉಪ್ಪಿನ ಕಪ್ಪು ಸಾರು ಸುರಿದು ಕೊಡುತ್ತಾರೆ. ಇದರಲ್ಲಿ 'ತೆನ್ಯಾ' ಎಂಬ ಸರಣಿ ಎಲ್ಲರಿಗೂ ಗೊತ್ತು. ಅವಸರದ ದಿನಕ್ಕೆ, ಮಕ್ಕಳ ಜತೆ ಹೋದಾಗ ಇದು ಒಳ್ಳೆಯದು. ಆದರೆ ಸಾರು ಹೀರಿಕೊಂಡ ಮೆತ್ತನೆಯ ತೆಂಪುರಾದ ರುಚಿ ಬೇರೆಯದೇ. ಗರಿಗರಿ ಬೇಕು ಅಂತ ಇಲ್ಲಿಗೆ ಹೋಗಬೇಡಿ. ಮುಂದೆ ಹೇಳುವುದೆಲ್ಲ ಮೊದಲ ಎರಡು ಬಗೆಯ ಅಂಗಡಿಗಳಿಗೆ.

ಹೆಜ್ಜೆ 2: ಹೊತ್ತು ಮತ್ತು ಜಾಗ

ಮಧ್ಯಾಹ್ನ 12ರಿಂದ 1ರವರೆಗೆ ಆಫೀಸಿನವರ ಸಾಲು ಇರುತ್ತದೆ. 11 ಗಂಟೆಗೆ, ಬಾಗಿಲು ತೆರೆದ ಕೂಡಲೇ ಹೋದರೆ ಜಾಗವೂ ಸಿಗುತ್ತದೆ, ಎಣ್ಣೆಯೂ ಹೊಸದು. ಎರಡನೆಯ ಲಾಭ ದೊಡ್ಡದು. ಹೊಸ ಎಣ್ಣೆಯಲ್ಲಿ ಕರಿದ ಬದನೆಕಾಯಿಗೆ ಬದನೆಕಾಯಿಯದೇ ವಾಸನೆ ಇರುತ್ತದೆ. ಸಂಜೆಯ ಬಾರ್‌ಗಳು ಸಾಮಾನ್ಯವಾಗಿ 5ಕ್ಕೆ ತೆರೆಯುತ್ತವೆ. 6ರೊಳಗೆ ಹೋಗಿ.

ಬಾಗಿಲ ಮೇಲೆ ಬಟ್ಟೆಯ ಪರದೆ ತೂಗಿದ್ದರೆ ಅಂಗಡಿ ತೆರೆದಿದೆ ಅಂತ ಅರ್ಥ. ಅದೇ ನೊರೆನ್. ಸರಿಸಿಕೊಂಡು ಒಳಗೆ ಹೋಗಿ. "ಇರಾಶ್ಶಾಯಿಮಾಸೆ" ಅಂತ, ಅಂದರೆ ಬನ್ನಿ ಅಂತ, ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಅದಕ್ಕೆ ಉತ್ತರ ಕೊಡಬೇಕಿಲ್ಲ. ಎಷ್ಟು ಜನ ಅಂತ ಬೆರಳಲ್ಲಿ ತೋರಿಸಿದರೆ ಸಾಕು. ಬಾಯಲ್ಲಿ ಹೇಳುವುದಾದರೆ ಒಬ್ಬರಿಗೆ "ಹಿತೊರಿ", ಇಬ್ಬರಿಗೆ "ಫುತಾರಿ".

ಕೇಳಿದರೆ ಕೌಂಟರ್ ಅನ್ನಿ. ಮೇಜು ಖಾಲಿ ಇದ್ದರೂ ಕೌಂಟರ್ ಅನ್ನಿ. ಮೇಜಿಗೆ ಕೂತರೆ ನಾಲ್ಕೈದು ತುಂಡು ಒಟ್ಟಿಗೆ ತಟ್ಟೆಯಲ್ಲಿ ಬರುತ್ತವೆ. ಆಗ ನೀವು ಹಾಲ್‌ನಲ್ಲಿ ಕೂತವರಾಗುತ್ತೀರಿ. ನಾಲ್ಕಕ್ಕಿಂತ ಜಾಸ್ತಿ ಜನ ಇದ್ದರೆ ಇಬ್ಬಿಬ್ಬರಾಗಿ ಕೂರಲು ಒಪ್ಪಿಕೊಳ್ಳಿ. ಮಾತು ಊಟ ಆದಮೇಲೂ ಆಡಬಹುದು, ಅಲ್ವಾ?

ಹೆಜ್ಜೆ 3: ಟಿಕೆಟ್ ಮಿಷನ್ ಇದ್ದರೆ

ಫುಕುಓಕಾ ರೀತಿಯ ಅಂಗಡಿಯಲ್ಲಿ ಬಾಗಿಲ ಹತ್ತಿರವೇ ಮಿಷನ್ ಇರುತ್ತದೆ. ಮೊದಲು ದುಡ್ಡು ಹಾಕಿ, ಆಮೇಲೆ ಬಟನ್ ಒತ್ತಿ. ಈ ಕ್ರಮ ತಪ್ಪಿದರೆ ಬಟನ್ ಕೆಲಸ ಮಾಡುವುದಿಲ್ಲ. 1,000 ಯೆನ್ ನೋಟು ಇಟ್ಟುಕೊಂಡಿರಿ. ದೊಡ್ಡ ನೋಟನ್ನು ತೆಗೆದುಕೊಳ್ಳದ ಮಿಷನ್‌ಗಳೇ ಹೆಚ್ಚು. 2024ರ ಜುಲೈನಲ್ಲಿ ಹೊಸ ನೋಟುಗಳು ಬಂದವು. ಹಳೆಯ ಮಿಷನ್ ಅವನ್ನು ಹೊರಗೆ ತಳ್ಳಿದರೆ ನಾಣ್ಯ ಹಾಕಿ ನೋಡಿ, ಇಲ್ಲವೇ ಅಲ್ಲಿರುವವರನ್ನು ಕೇಳಿ.

ಯಾವ ಬಟನ್ ಅಂತ ಗೊತ್ತಾಗದಿದ್ದರೆ ಎಡಗಡೆ ಮೇಲಿನದು ನೋಡಿ. ಅಂಗಡಿಯವರು ಮುಖ್ಯವಾಗಿ ಮಾರುವ ಊಟ ಹೆಚ್ಚಾಗಿ ಅಲ್ಲೇ ಇರುತ್ತದೆ. ಆದರೆ ಅದರಲ್ಲಿ ಹಂದಿ ಮಾಂಸವೋ ಕೋಳಿಯೋ ಇರಬಹುದು. ಹಾಗಾಗಿ ಒತ್ತುವ ಮುಂಚೆ ಫೋನಿನ ಕ್ಯಾಮೆರಾದಲ್ಲಿ ಅನುವಾದ ನೋಡಿಕೊಳ್ಳಿ. ಟಿಕೆಟ್ ಬಂದಮೇಲೆ ಕೌಂಟರ್ ಮೇಲೆ ಇಟ್ಟು ಕೂತರೆ ಆಯಿತು. ಅವರೇ ಬಂದು ಹರಿದುಕೊಳ್ಳುತ್ತಾರೆ.

ಹೆಜ್ಜೆ 4: ಕೂತ ಕೂಡಲೇ ಬರುವ ಚಿಕ್ಕ ಬಟ್ಟಲು

ಸಂಜೆಯ ಬಾರ್‌ನಲ್ಲಿ ಕೂತ ತಕ್ಷಣ ಒದ್ದೆ ಕರವಸ್ತ್ರ ಕೊಡುತ್ತಾರೆ. ಅದು ಕೈ ಒರೆಸಲು, ಮುಖಕ್ಕಲ್ಲ. ಹಿಂದೆಯೇ ನೀವು ಕೇಳದ ಒಂದು ಚಿಕ್ಕ ಬಟ್ಟಲು ಬರುತ್ತದೆ. ಅದರಲ್ಲಿ ಬೇಯಿಸಿದ ಸೊಪ್ಪೋ ತೋಫುವೋ ಇರುತ್ತದೆ. ಇದು 'ಒತೋಶಿ'. ಪುಕ್ಕಟೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ 300–500 ಯೆನ್ ಬಿಲ್ಲಿಗೆ ಸೇರುತ್ತದೆ. ಕೂತ ಜಾಗದ ಬಾಡಿಗೆ ಅಂದುಕೊಳ್ಳಿ. ಮೊದಲ ಸಲ ನನಗೆ ಇದು ಮೋಸ ಅನಿಸಿ ಮನಸ್ಸು ಕೆಟ್ಟಿತ್ತು. ಆಮೇಲೆ ಗೊತ್ತಾಯಿತು, ಇಲ್ಲಿ ಟಿಪ್ಸ್ ಅನ್ನುವುದೇ ಇಲ್ಲ. ಮೇಜಿನ ಮೇಲೆ ಚಿಲ್ಲರೆ ಬಿಟ್ಟು ಬಂದರೆ ಹಿಂದೆ ಓಡಿ ಬಂದು ವಾಪಸು ಕೊಡುತ್ತಾರೆ.

ಮೊದಲು ಕುಡಿಯಲು ಏನಾದರೂ ಹೇಳಬೇಕು, ಅದು ರೂಢಿ. ಮದ್ಯವೇ ಆಗಬೇಕಿಲ್ಲ. ತಣ್ಣನೆಯ ಊಲಾಂಗ್ ಟೀ ಎಲ್ಲ ಕಡೆ ಸಿಗುತ್ತದೆ. ಎಣ್ಣೆ ತಿಂಡಿಗೆ ಅದು ಬಹಳ ಹೊಂದುತ್ತದೆ, ಬಾಯಿ ತೊಳೆದ ಹಾಗಾಗುತ್ತದೆ. ಕುಡಿಯುವವರಾದರೆ ಬಿಯರ್, ಇಲ್ಲವೇ ನಿಂಬೆ ಹಾಕಿದ ಲೆಮನ್ ಸವರ್. ಅಲ್ಲಿ ಮದ್ಯಕ್ಕೆ 20 ವರ್ಷ ತುಂಬಿರಬೇಕು.

ಹೆಜ್ಜೆ 5: ಏನು ಹೇಳಬೇಕು, ಯಾವ ಕ್ರಮದಲ್ಲಿ

ಇಲ್ಲಿ ಸ್ವಲ್ಪ ನಿಧಾನಿಸೋಣ. ಹೆಚ್ಚಿನವರು ಎಡವುವುದು ಇಲ್ಲೇ.

ಒಂದು ಸಲಕ್ಕೆ ಎರಡು, ತಪ್ಪಿದರೆ ಮೂರು ತುಂಡು ಹೇಳಿ. ಅದಕ್ಕಿಂತ ಜಾಸ್ತಿ ಬೇಡ. ಒಮ್ಮೆ ಟೋಕಿಯೊದಲ್ಲಿ ನಾವು ನಾಲ್ಕು ಜನ ಹೋಗಿದ್ದೆವು. ಭಾಷೆ ಬಾರದು, ಮತ್ತೆ ಮತ್ತೆ ಕರೆಯಲು ಸಂಕೋಚ. ಪಟ್ಟಿಯಲ್ಲಿದ್ದದ್ದನ್ನೆಲ್ಲ ಒಮ್ಮೆಗೇ ತೋರಿಸಿಬಿಟ್ಟೆವು. ಹತ್ತು ನಿಮಿಷದಲ್ಲಿ ಎರಡು ದೊಡ್ಡ ತಟ್ಟೆ ಬಂದವು. ಕಮಲದ ಬೇರಿನ ತುಂಡನ್ನು ನಾನು ಕೈಗೆತ್ತಿಕೊಳ್ಳುವ ಹೊತ್ತಿಗೆ ಅದರ ಹೊರಪದರ ಚರ್ಮದ ಹಾಗೆ ಜಾರಿ ಬಂತು. ಕರಿದವರ ತಪ್ಪು ಏನೂ ಇರಲಿಲ್ಲ. ಆಮೇಲೆ ಪಕ್ಕದಲ್ಲಿ ಒಬ್ಬರೇ ಕೂತಿದ್ದ ಅಜ್ಜನನ್ನು ಗಮನಿಸಿದೆ. ಒಂದು ಸಿಗಡಿ ಹೇಳಿದರು. ತಿಂದರು. ಒಂದು ಗುಟುಕು ಕುಡಿದರು. ಆಮೇಲೆ ಒಂದು ಮೀನು ಹೇಳಿದರು. ಮುಕ್ಕಾಲು ಗಂಟೆಯಲ್ಲಿ ಅವರು ತಿಂದದ್ದು ಆರು ತುಂಡು. ಆರೂ ಬಿಸಿಬಿಸಿ.

ಕ್ರಮದ ವಿಷಯಕ್ಕೆ ಬಂದರೆ, ಹಗುರದಿಂದ ಭಾರಕ್ಕೆ ಹೋಗಿ. ಸಿಗಡಿಯಿಂದ ಶುರು ಮಾಡುವುದು ರೂಢಿ. ಅದು 'ಎಬಿ'. ಆಮೇಲೆ 'ಕಿಸು' ಎಂಬ ಬಿಳಿ ಮೀನು. ಇದನ್ನು ಕರಾವಳಿಯವರು ಖಂಡಿತ ತಿನ್ನಬೇಕು. ನಮ್ಮ ಕಾಣೆ ಮೀನಿನ ತೀರಾ ಹತ್ತಿರದ ನೆಂಟ ಇದು. ಮಂಗಳೂರಲ್ಲಿ ರವೆ ಹೊರಳಿಸಿ, ಖಾರ ಹಚ್ಚಿ ಕರಿದ ಕಾಣೆ ತಿಂದವರಿಗೆ ಇಲ್ಲಿ ಅದೇ ಮೀನಿನ ಮೆತ್ತನೆಯ ಒಳಗು ಖಾರವಿಲ್ಲದೆ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ನಡುನಡುವೆ ತರಕಾರಿ ಹೇಳಿ. ಕೊನೆಗೆ 'ಅನಾಗೊ' ಎಂಬ ಕಡಲ ಹಾವುಮೀನು. ಇದು ಉದ್ದವಾಗಿರುತ್ತದೆ, ರುಚಿ ಗಾಢ. ಇದಾದ ಮೇಲೆ ಮತ್ತೆ ಹಗುರದ್ದು ತಿಂದರೆ ನಾಲಗೆಗೆ ಹತ್ತುವುದಿಲ್ಲ.

ತರಕಾರಿಯಲ್ಲಿ ನಮಗೆ ಗೊತ್ತಿರುವವೇ ಜಾಸ್ತಿ. 'ನಾಸು' ಅಂದರೆ ಬದನೆ, 'ಕಬೊಚಾ' ಸಿಹಿಕುಂಬಳ, 'ಒಕುರಾ' ಬೆಂಡೆಕಾಯಿ, 'ರೆಂಕೊನ್' ಕಮಲದ ಬೇರು. 'ಸತ್ಸುಮಾಇಮೊ' ಅಂದರೆ ಸಿಹಿಗೆಣಸು. ಇದು ಬೇಯಲು ಹೊತ್ತು ಬೇಕು. ತಿನ್ನಬೇಕು ಅನಿಸಿದರೆ ಸ್ವಲ್ಪ ಮುಂಚೆಯೇ ಹೇಳಿಡಿ. 'ಶಿಶಿತೊ' ನಮ್ಮ ಬಜ್ಜಿ ಮೆಣಸಿನಕಾಯಿಯ ಹಾಗೆ ಕಾಣುವ ಚಿಕ್ಕ ಮೆಣಸಿನಕಾಯಿ. ಸಾಮಾನ್ಯವಾಗಿ ಖಾರವಿರುವುದಿಲ್ಲ, ಆದರೆ ಎಲ್ಲೋ ಒಂದು ಚುರ್ ಅನ್ನಿಸುತ್ತದೆ. 'ಮೈತಾಕೆ' ಅಣಬೆ ಸಿಕ್ಕರೆ ಬಿಡಬೇಡಿ. ಅದರ ಎಸಳುಗಳ ನಡುವೆ ಹಿಟ್ಟು ಸೇರಿ ಗರಿಯಾಗುವ ಸೊಗಸು ಬೇರೆ ಯಾವುದಕ್ಕೂ ಇಲ್ಲ. 'ಶಿಸೊ' ಎಲೆಯನ್ನು ಒಂದೇ ಬದಿಗೆ ಹಿಟ್ಟು ಮುಟ್ಟಿಸಿ ಕರಿಯುತ್ತಾರೆ. ಇನ್ನೊಂದು ಬದಿಯ ಹಸಿರು ಹಾಗೇ ಕಾಣುತ್ತಿರುತ್ತದೆ. ನಮ್ಮ ದೊಡ್ಡಪತ್ರೆ ಬಜ್ಜಿ ನೆನಪಾಗದೆ ಇರದು.

ಋತು ನೋಡಿ ಹೇಳುವುದು ಇನ್ನೂ ಒಳ್ಳೆಯದು. ವಸಂತದಲ್ಲಿ 'ತಾರಾನೊಮೆ', 'ಫುಕಿನೊತೋ' ಎಂಬ ಕಾಡಿನ ಮೊಳಕೆಗಳು ಬರುತ್ತವೆ. ಎರಡೂ ಸಣ್ಣಗೆ ಕಹಿ. ಅದೇ ಹೊತ್ತಿಗೆ ಎಳೆ ಬಿದಿರೂ ಬರುತ್ತದೆ. ಮಲೆನಾಡಿನವರಿಗೆ, ಕೊಡಗಿನವರಿಗೆ ಕಳಲೆ ಹೊಸದೇನಲ್ಲ, ಆದರೆ ಅವರಿಗೆ ಅದು ಮಳೆಗಾಲದ್ದು, ಇಲ್ಲಿ ವಸಂತದ್ದು. ಬೇಸಿಗೆಯಲ್ಲಿ ಜೋಳ, ಶರತ್ಕಾಲದಲ್ಲಿ ಅಣಬೆ ಮತ್ತು ಗಿಂಕೊ ಬೀಜ, ಚಳಿಗಾಲದಲ್ಲಿ ಕಮಲದ ಬೇರು. ಪಟ್ಟಿ ಓದಲು ಬಾರದಿದ್ದರೆ "ಒಸುಸುಮೆ ವಾ?" ಅಂತ ಕೇಳಿ. ಇವತ್ತು ಯಾವುದು ಚೆನ್ನಾಗಿದೆ ಅಂತ ಕೇಳಿದ ಹಾಗೆ. ಗೋಡೆಗೆ ಕೈಬರಹದ ಚೀಟಿ ಅಂಟಿಸಿದ್ದರೆ ಅದನ್ನು ಬೆರಳು ತೋರಿಸಿ ಕೇಳಿದರೂ ಆಯಿತು. ಆ ದಿನ ಬಂದ ಸಾಮಾನು ಅಲ್ಲೇ ಬರೆದಿರುತ್ತದೆ.

ಬಾರ್‌ಗಳಲ್ಲಿ ಸಿಗುವ ಬೇರೆ ಕೆಲವೂ ಇವೆ. ಅರೆಬೆಂದ ಮೊಟ್ಟೆಯ ತೆಂಪುರಾ ಕಚ್ಚಿದರೆ ಹಳದಿ ಹರಿಯುತ್ತದೆ. ಓಸಾಕಾ ಕಡೆ ಹೋದರೆ ಕೆಂಪು ಶುಂಠಿ ಉಪ್ಪಿನಕಾಯಿಯನ್ನೇ ಕರಿದು ಕೊಡುತ್ತಾರೆ. ಅದರ ಹುಳಿ–ಖಾರ ನಮ್ಮವರಿಗೆ ಹೇಳಿ ಮಾಡಿಸಿದ ಹಾಗಿದೆ.

ಹೆಜ್ಜೆ 6: ಕಾಯುವಾಗ ಬಾಣಲೆ ನೋಡಿ

ಫೋನ್ ಒಳಗಿಡಿ. ಕೌಂಟರ್‌ನ ಆಚೆ ನಡೆಯುವುದನ್ನು ಎರಡು ನಿಮಿಷ ನೋಡಿ.

ಕರಿಯುವವರು ಕಿಸು ಮೀನನ್ನು ಬಾಲದಿಂದ ಹಿಡಿಯುತ್ತಾರೆ. ಮೊದಲು ಒಣ ಹಿಟ್ಟು ಸವರಿ ಕೊಡವುತ್ತಾರೆ. ಆಮೇಲೆ ನೀರುನೀರಾದ ಹಿಟ್ಟಿನಲ್ಲಿ ಒಮ್ಮೆ ಎಳೆದು ಎಣ್ಣೆಗೆ ಜಾರಿಸುತ್ತಾರೆ. ಮೀನು ಒಮ್ಮೆ ಮುಳುಗಿ ಮೇಲೆ ಬರುತ್ತದೆ. ದಪ್ಪ ದಪ್ಪ ಗುಳ್ಳೆ ಏಳುತ್ತವೆ. ಶಬ್ದವೂ ದಪ್ಪ, ಜೋರು ಮಳೆ ಹೆಂಚಿನ ಮೇಲೆ ಬಿದ್ದ ಹಾಗೆ. ಒಳಗಿನ ನೀರು ಆವಿಯಾಗುತ್ತಾ ಹೋದ ಹಾಗೆ ಗುಳ್ಳೆ ಸಣ್ಣಗಾಗುತ್ತವೆ. ಶಬ್ದ ತೆಳ್ಳಗಾಗಿ ಚಿಟಿಚಿಟಿ ಅನ್ನತೊಡಗುತ್ತದೆ. ಆ ಗಳಿಗೆಗೆ ಕಾಯುತ್ತಿದ್ದ ಹಾಗೆ ಚಾಪ್‌ಸ್ಟಿಕ್ ಹೋಗಿ ಎತ್ತಿಬಿಡುತ್ತದೆ. ಅವರು ಗಡಿಯಾರ ನೋಡುವುದಿಲ್ಲ, ಕಿವಿಗೊಟ್ಟು ಕೇಳುತ್ತಾರೆ. ತರಕಾರಿಗೆ ಎಣ್ಣೆ ಸುಮಾರು 160–170 ಡಿಗ್ರಿ, ಮೀನಿಗೆ 180ರ ಹತ್ತಿರ.

ಹಿಟ್ಟಿನ ಬಟ್ಟಲನ್ನೂ ನೋಡಿ. ಬೋಂಡಾಕ್ಕೆ ನಾವು ಕಡಲೆಹಿಟ್ಟನ್ನು ಗಂಟಿಲ್ಲದ ಹಾಗೆ ಚೆನ್ನಾಗಿ ಕಲಸುತ್ತೇವೆ. ಇಲ್ಲಿ ಅದಕ್ಕೆ ತದ್ವಿರುದ್ಧ. ದಪ್ಪ ಕಡ್ಡಿಯಲ್ಲಿ ನಾಲ್ಕು ಸಲ ಕುಟ್ಟಿ ಬಿಡುತ್ತಾರೆ. ಒಣ ಹಿಟ್ಟಿನ ಗಂಟು ಕಾಣುತ್ತಲೇ ಇರುತ್ತದೆ. ಕಾರಣ ಇಷ್ಟೇ. ಕಡಲೆಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ, ಎಷ್ಟು ಕಲಸಿದರೂ ಜಿಗುಟಾಗುವುದಿಲ್ಲ. ತೆಂಪುರಾಕ್ಕೆ ಬಳಸುವುದು ಗೋಧಿಯ ನಯವಾದ ಹಿಟ್ಟು. ಹೆಚ್ಚು ಕಲಸಿದರೆ ನಾರು ಬಂದು, ಕರಿದದ್ದು ಬ್ರೆಡ್ಡಿನ ಹಾಗೆ ಮೆತ್ತಗಾಗುತ್ತದೆ. ಅದಕ್ಕೇ ಐಸ್‌ನಷ್ಟು ತಣ್ಣನೆಯ ನೀರು, ಆಗಾಗ ಸ್ವಲ್ಪ ಸ್ವಲ್ಪವೇ ಹೊಸದಾಗಿ ಕಲಸುವುದು. ಹಿಟ್ಟಿಗೆ ಖಾರ, ಮಸಾಲೆ ಏನೂ ಇಲ್ಲ. ಹೆಚ್ಚಿನ ಕಡೆ ಉಪ್ಪೂ ಇಲ್ಲ. ರುಚಿಯೆಲ್ಲ ಹೊರಗಿನಿಂದ, ನಿಮ್ಮ ಕೈಯಿಂದ ಬರಬೇಕು.

ಹೆಜ್ಜೆ 7: ತಿನ್ನುವುದು

ತುಂಡು ಮುಂದೆ ಬಂತು. ಈಗ ತಿನ್ನಿ. ಫೋಟೊ ಬೇಕಿದ್ದರೆ ಒಂದೇ ಒಂದು, ಹತ್ತು ಸೆಕೆಂಡಿನಲ್ಲಿ. ಜತೆಗಿದ್ದವರಿಗೆ ಬರಲಿ ಅಂತ ಕಾಯಬೇಡಿ. ಮೊದಲು ಬಂದವರು ಮೊದಲು ತಿನ್ನುವುದು ಇಲ್ಲಿ ತಪ್ಪಲ್ಲ. ಒಳಗೆ ಇನ್ನೂ ಆವಿ ಇರುತ್ತದೆ. ಆ ಆವಿ ಹೊರಗಿನ ಪದರವನ್ನು ನೆನೆಸುತ್ತಾ ಹೋಗುತ್ತದೆ. ಒಂದೊಂದು ನಿಮಿಷಕ್ಕೂ ಗರಿ ಕಡಿಮೆ.

ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ, ಸಾರು ಮತ್ತು ಉಪ್ಪು.

ಸಾರಿಗೆ 'ತೆನ್‌ತ್ಸುಯು' ಅನ್ನುತ್ತಾರೆ. ಮೀನು ಮತ್ತು ಕಡಲಪಾಚಿಯ ತಿಳಿಗಷಾಯ, ಸೋಯಾ ಸಾಸ್, ಮಿರಿನ್ ಎಂಬ ಸಿಹಿ ಮದ್ಯ ಸೇರಿಸಿ ಕಾಯಿಸಿದ್ದು. ಜತೆಗೆ ತುರಿದ ಬಿಳಿ ಮೂಲಂಗಿಯ ಚಿಕ್ಕ ಗುಡ್ಡೆ ಇರುತ್ತದೆ. ಮೂಲಂಗಿಯನ್ನು ಸಾರಿಗೆ ಹಾಕಿ ಸ್ವಲ್ಪ ಕಲಸಿ. ಅದು ಅಲಂಕಾರಕ್ಕಲ್ಲ, ಎಣ್ಣೆಯ ಭಾರ ಕಳೆಯುವುದೇ ಅದು. ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಎದೆಯ ಹತ್ತಿರ ಹಿಡಿಯಿರಿ. ತುಂಡಿನ ಒಂದು ತುದಿ ಮಾತ್ರ ಅದ್ದಿ. ಪೂರ್ತಿ ಮುಳುಗಿಸಿ ಬಿಟ್ಟರೆ ಸಾಂಬಾರಿನಲ್ಲಿ ಬಿದ್ದ ವಡೆಯಾಗುತ್ತದೆ. ಸಾಂಬಾರ್ ವಡೆ ಚೆನ್ನಾಗಿರುತ್ತದೆ ನಿಜ, ಅದಕ್ಕೆ ನೆನೆಯುವುದೇ ಚಂದ. ಇದಕ್ಕಲ್ಲ.

ಉಪ್ಪು ಸುಮ್ನೆ ಬಿಳಿ ಉಪ್ಪಿರಬಹುದು, ಹಸಿರು ಚಹಾ ಪುಡಿ ಬೆರೆಸಿದ್ದಿರಬಹುದು. ಕೆಲವು ಕಡೆ ಕರ್ರಿ ಮಸಾಲೆ ಪುಡಿ ಬೆರೆಸಿದ ಉಪ್ಪೂ ಇಡುತ್ತಾರೆ. ತಟ್ಟೆಯ ಅಂಚಿಗೆ ಚಿಟಿಕೆ ಹಾಕಿಕೊಂಡು ಅದಕ್ಕೆ ತುಂಡನ್ನು ಮುಟ್ಟಿಸಿ. ಮೇಲಿಂದ ಉದುರಿಸಿದರೆ ಎಲ್ಲೋ ಒಂದು ಕಡೆ ಉಪ್ಪಾಗುತ್ತದೆ. ನನ್ನ ಅಭ್ಯಾಸ ಹೀಗೆ: ಬಿಳಿ ಮೀನು, ಅಣಬೆ, ಕಮಲದ ಬೇರಿಗೆ ಉಪ್ಪು. ಬದನೆ, ಅನಾಗೊಗೆ ಸಾರು. ಸಿಗಡಿಗೆ ಮೊದಲ ಕಚ್ಚಿಗೆ ಉಪ್ಪು, ಎರಡನೆಯದಕ್ಕೆ ಸಾರು. ಸಿಹಿಗೆಣಸಿಗೆ ಏನೂ ಬೇಡ.

ಸಿಗಡಿಯ ಬಾಲ ತಿನ್ನಬಹುದು, ಚೆನ್ನಾಗಿ ಕರಿದಿದ್ದರೆ ಹಪ್ಪಳದ ಹಾಗೆ ಮುರಿಯುತ್ತದೆ. ಬೇಡವಾದರೆ ತಟ್ಟೆಯ ಅಂಚಿಗಿಡಿ. ದೊಡ್ಡ ತುಂಡನ್ನು ಕಚ್ಚಿ ಉಳಿದರ್ಧವನ್ನು ನಿಮ್ಮ ಬಟ್ಟಲಿನಲ್ಲಿ ಇಟ್ಟುಕೊಳ್ಳಿ. ಎಲ್ಲರ ತಟ್ಟೆಗೆ ವಾಪಸು ಹಾಕಬೇಡಿ. ಎಂಜಲಿನ ಲೆಕ್ಕ ನಮಗೆ ಹೇಳಿಕೊಡಬೇಕಿಲ್ಲ. ಚಾಪ್‌ಸ್ಟಿಕ್ ವಿಷಯದಲ್ಲಿ ಎರಡು ಮಾತ್ರ ನೆನಪಿಡಿ. ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ. ನಿಮ್ಮ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿಂಡಿ ದಾಟಿಸಬೇಡಿ. ಎರಡೂ ಅಲ್ಲಿ ಸಾವಿನ ಮನೆಯ ಆಚರಣೆಗಳು. ಕಡ್ಡಿ ಹಿಡಿಯಲು ಬಾರದಿದ್ದರೆ "ಫೋಕು" ಅಂತ ಫೋರ್ಕ್ ಕೇಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಸಸ್ಯಾಹಾರಿಗಳಿಗೆ, ಮುಚ್ಚುಮರೆಯಿಲ್ಲದೆ

ನಮ್ಮಲ್ಲಿ ಬಹಳ ಜನ "ತರಕಾರಿ ತೆಂಪುರಾ ಇದೆಯಲ್ಲ, ಸಾಕು" ಅಂದುಕೊಂಡು ಹೋಗುತ್ತಾರೆ. ಆದ್ದರಿಂದ ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ಹಿಟ್ಟಿನಲ್ಲಿ ಹೆಚ್ಚಾಗಿ ಮೊಟ್ಟೆ ಇರುತ್ತದೆ. ಸಾರಿನಲ್ಲಿ ಮೀನಿನ ಕಷಾಯವಿದೆ. ಮಿಸೊ ಸೂಪಿನಲ್ಲೂ ಅದೇ. ಸಿಗಡಿ ಕರಿದ ಎಣ್ಣೆಯಲ್ಲೇ ಬದನೆಕಾಯಿ ಕರಿಯುತ್ತಾರೆ. ಚಿಕ್ಕ ಬಾರ್‌ನಲ್ಲಿ ಇವನ್ನು ಬದಲಿಸಿ ಕೊಡಿ ಅಂದರೆ ಅವರಿಗೆ ಆಗುವುದಿಲ್ಲ, ಇಬ್ಬರಿಗೂ ಬೇಜಾರು.

ಮೊಟ್ಟೆ ನಡೆಯುತ್ತದೆ, ಒಂದೇ ಎಣ್ಣೆಯಾದರೂ ಪರವಾಗಿಲ್ಲ ಅನ್ನುವವರು "ಯಾಸಾಯಿ ದಾಕೆ, ಒನೆಗಾಯಿಶಿಮಾಸು" ಅಂತ ಕೇಳಿ. ತರಕಾರಿ ಮಾತ್ರ ಕೊಡಿ ಅಂತ ಅರ್ಥ. ಸಾರು ಬಿಟ್ಟು ಉಪ್ಪಿನಲ್ಲೇ ತಿನ್ನಿ. 'ಕಾಕಿಆಗೆ' ಹೇಳುವ ಮುಂಚೆ ಕೇಳಿಕೊಳ್ಳಿ. ಈರುಳ್ಳಿ, ಕ್ಯಾರೆಟ್ ಸೇರಿಸಿ ಕರಿದ ಆ ಉಂಡೆ ನಮ್ಮ ಈರುಳ್ಳಿ ಪಕೋಡದ ಹಾಗೇ ಕಾಣುತ್ತದೆ, ಆದರೆ ಒಳಗೆ ಪುಟ್ಟ ಸಿಗಡಿ ಇರುವುದೇ ಹೆಚ್ಚು.

ಕಟ್ಟುನಿಟ್ಟಿನ ಸಸ್ಯಾಹಾರಿಗಳು ಬಾರ್ ಬಿಟ್ಟು ಬೌದ್ಧ ಮಠಗಳ 'ಶೋಜಿನ್' ಅಡುಗೆ ಹುಡುಕಿ. ಕ್ಯೋಟೊದಲ್ಲಿ, ಕೋಯಾ ಬೆಟ್ಟದ ಮಠಗಳಲ್ಲಿ ಸಿಗುತ್ತದೆ. ಮೀನು, ಮಾಂಸ ಮುಟ್ಟದ ಆ ಅಡುಗೆಯಲ್ಲೂ ಕರಿದ ತರಕಾರಿ ಇರುತ್ತದೆ. ಅದಕ್ಕೆ 'ಶೋಜಿನ್‌ಆಗೆ' ಅಂತಲೇ ಹೆಸರು. ಸಿಗಡಿ ಅಲರ್ಜಿ ಇರುವವರು ಮಾತ್ರ ದಯವಿಟ್ಟು ತೆಂಪುರಾ ಬಾರ್‌ಗೆ ಹೋಗಲೇಬೇಡಿ.

ಹೆಜ್ಜೆ 8: ಕೊನೆಯ ತುತ್ತು ಮತ್ತು ಬಿಲ್

ಸಂಜೆಯ ಬಾರ್‌ನಲ್ಲಿ ಕೊನೆಗೆ ಅನ್ನವೋ ನೂಡಲ್ಸೋ ತಿಂದು ಮುಗಿಸುತ್ತಾರೆ. ನಮ್ಮ ಮೊಸರನ್ನದ ಜಾಗ ಅದಕ್ಕೆ. 'ಶಿಮೆ' ಅನ್ನುತ್ತಾರೆ. ಕಾಕಿಆಗೆಯನ್ನು ಅನ್ನದ ಮೇಲಿಟ್ಟ ಪುಟ್ಟ ತೆನ್‌ಡೊನ್ ಇರುತ್ತದೆ. ಅದಕ್ಕಿಂತ 'ತೆನ್‌ಚಾ' ಸಿಕ್ಕರೆ ಅದನ್ನೇ ಹೇಳಿ. ಅನ್ನ, ಮೇಲೆ ಕಾಕಿಆಗೆ, ಅದರ ಮೇಲೆ ಬಿಸಿ ಚಹಾ ಇಲ್ಲವೇ ತಿಳಿಸಾರು. ಇಷ್ಟು ಹೊತ್ತು ಗರಿ ಗರಿ ಅಂತ ಕಾಪಾಡಿಕೊಂಡು ಬಂದದ್ದನ್ನು ಇಲ್ಲಿ ಬೇಕಂತಲೇ ನೆನೆಸುತ್ತಾರೆ. ಹೊಟ್ಟೆಗೆ ತಂಪು.

ಬಿಲ್ಲಿಗೆ "ಒಕಾಯಿಕೇ ಒನೆಗಾಯಿಶಿಮಾಸು" ಅನ್ನಿ. ಎರಡು ತೋರುಬೆರಳನ್ನು ಅಡ್ಡ ಇಟ್ಟು ಗುಣಿಸು ಗುರುತು ಮಾಡಿ ತೋರಿಸಿದರೂ ಗೊತ್ತಾಗುತ್ತದೆ. ದುಡ್ಡನ್ನು ಕೈಗೆ ಕೊಡದೆ ಅಲ್ಲಿರುವ ಚಿಕ್ಕ ಟ್ರೇಯಲ್ಲಿಡಿ. ಕೂತು ತಿಂದರೆ ತೆರಿಗೆ ಶೇಕಡಾ 10, ಕಟ್ಟಿಸಿಕೊಂಡು ಹೋದರೆ 8. ಆದರೂ ಕಟ್ಟಿಸಿಕೊಳ್ಳಬೇಡಿ, ಯಾಕೆ ಅಂತ ಈಗ ನಿಮಗೇ ಗೊತ್ತು. ಫುಕುಓಕಾ ಕೌಂಟರ್‌ನಲ್ಲಿ ಹೆಚ್ಚುಕಡಿಮೆ 1,000 ಯೆನ್‌ಗೆ ಹೊಟ್ಟೆ ತುಂಬುತ್ತದೆ. ಸಂಜೆಯ ಬಾರ್‌ನಲ್ಲಿ ಎರಡು ಗ್ಲಾಸ್, ಆರೇಳು ತುಂಡು ಅಂದರೆ 2,500–3,500 ಯೆನ್ ಇಟ್ಟುಕೊಂಡಿರಿ. ಕೆಲವು ಚಿಕ್ಕ ಅಂಗಡಿಗಳಲ್ಲಿ ಕಾರ್ಡ್ ನಡೆಯುವುದಿಲ್ಲ.

ಕೌಂಟರ್ ಮುಂದೆ ಯಾರಾದರೂ ಕಾಯುತ್ತಿದ್ದರೆ ತಿಂದಾದಮೇಲೆ ಕೂತು ಮಾತಾಡಬೇಡಿ. ಎದ್ದು ಹೊರಡುವಾಗ ಬಾಣಲೆ ಮುಂದಿರುವವರ ಕಡೆ ನೋಡಿ "ಗೊಚಿಸೋಸಾಮಾ ದೇಶಿತಾ" ಅನ್ನಿ. ಊಟ ಚೆನ್ನಾಗಿತ್ತು, ಉಪಕಾರವಾಯಿತು ಅನ್ನುವ ಮಾತು. ಅವರು ಎಣ್ಣೆಯಿಂದ ಕಣ್ಣೆತ್ತದೆ ಇರಬಹುದು. ಆದರೆ ತಲೆ ಸ್ವಲ್ಪ ಬಾಗುತ್ತದೆ, ಇನ್ನೊಂದು ಮೀನು ಎಣ್ಣೆಗೆ ಜಾರುತ್ತದೆ.